ರಿಪೋರ್ಟಿಗೂ ಆಪರೇಷನ್ನಿಗೂ ನಡುವಿನ ಹೆಜ್ಜೆ

ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ, ಕ್ಯಾನ್ಸರಿನ ಸುಳಿವು ಹುಡುಕುವ ಪ್ಯಾಪ್ ಸ್ಮಿಯರ್ ಪರೀಕ್ಷೆಯ ರಿಪೋರ್ಟಿನಲ್ಲಿ ಏನೋ ಸರಿಯಿಲ್ಲ ಅಂತ ಬಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಆ ಕಾಗದ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಸೇರುತ್ತದೆ. ಮಗಳ ಪರೀಕ್ಷೆ ಮುಗಿಯಲಿ, ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಅಂತ. ಇಲ್ಲವೇ ಯಾರಾದರೂ "ಗರ್ಭಕೋಶ ತೆಗೆಸಿಬಿಡ್ರಿ, ಹೆಂಗೂ ಮಕ್ಕಳಾಗ್ಯಾವ" ಅನ್ನುತ್ತಾರೆ, ತಿಂಗಳೊಳಗೆ ಆಪರೇಷನ್ ಆಗಿಯೇ ಹೋಗುತ್ತದೆ. ಈ ಎರಡರ ನಡುವೆ ಒಂದು ಹೆಜ್ಜೆ ಇದೆ. ಅದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕೂತು ಹೇಳುವುದಿಲ್ಲ. ನನಗೆ ಹೇಳಬೇಕಿರುವುದು ಅದನ್ನೇ.

ನಾನು ಹುಬ್ಬಳ್ಳಿಯ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಸ್ಲೈಡುಗಳಿಗೆ ಬಣ್ಣ ಹಾಕುವುದು, ಮೊದಲ ಸುತ್ತು ನೋಡುವುದು, ಅನುಮಾನ ಬಂದ ಕಡೆ ಗುರುತು ಹಾಕಿ ಪೆಥಾಲಜಿಸ್ಟ್ ಮೇಡಂ ಮುಂದೆ ಇಡುವುದು ನನ್ನ ಕೆಲಸ. ಕೊನೆಯ ಮಾತು ಮೇಡಂದು. ಆ ರಿಪೋರ್ಟ್ ಹೊರಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದು ನಮಗೆ ಕಾಣುವುದಿಲ್ಲ. ನನ್ನ ದೊಡ್ಡವ್ವನ ಮಗಳ ರಿಪೋರ್ಟ್ ಬಂದಾಗ ಮಾತ್ರ ಆ ಹೊರಗಿನ ದಾರಿಯನ್ನೂ ನೋಡಿದೆ. ಅಕ್ಕನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕನಿಗೆ ನಲವತ್ತು ದಾಟಿದೆ. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಊರಿಗೆ ಬಂದ ಆರೋಗ್ಯ ಶಿಬಿರದಲ್ಲಿ ಆಶಾ ಕಾರ್ಯಕರ್ತೆ ಒತ್ತಾಯ ಮಾಡಿದ್ದಕ್ಕೆ ಪರೀಕ್ಷೆಗೆ ಕೊಟ್ಟಿದ್ದಳು. ಬಿಳಿ ಹೋಗುವುದಾಗಲೀ, ನೋವಾಗಲೀ ಏನೂ ಇರಲಿಲ್ಲ. ರಿಪೋರ್ಟಿನಲ್ಲಿ ಎಚ್‌ಎಸ್‌ಐಎಲ್, ಅಂದರೆ ಕೋಶಗಳಲ್ಲಿ ದೊಡ್ಡ ಮಟ್ಟದ ಬದಲಾವಣೆ, ಅಂತ ಬಂತು. ಅದನ್ನು ತೋರಿಸಿದ ನರ್ಸಿಂಗ್ ಹೋಮಿನಲ್ಲಿ ಮುಂದಿನ ವಾರವೇ ಗರ್ಭಕೋಶ ತೆಗೆಯುವುದು ಅಂತ ದಿನವನ್ನೂ ಗೊತ್ತು ಮಾಡಿದ್ದರು. ರಾತ್ರಿ ವಾಟ್ಸಾಪ್‌ನಲ್ಲಿ ರಿಪೋರ್ಟಿನ ಫೋಟೋ ಕಳಿಸಿ ಫೋನ್ ಮಾಡಿದಳು. "ಖರೇ ಹೇಳು, ಕ್ಯಾನ್ಸರ್ ಐತೇನು ಇದು?"

ಅಲ್ಲ. ಮೊದಲು ಅದನ್ನೇ ಹೇಳಿದೆ. ಕ್ಯಾನ್ಸರ್ ಅಲ್ಲ, ಆದರೆ ಬಿಡುವ ಹಾಗೂ ಇಲ್ಲ.

ಪ್ಯಾಪ್ ಅನ್ನುವುದು ಜಾರ್ಜ್ ಪ್ಯಾಪನಿಕೊಲಾವು ಅನ್ನುವ ಗ್ರೀಕ್ ಮೂಲದ ವಿಜ್ಞಾನಿಯ ಹೆಸರಿನ ತುಂಡು. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಅವರು ಗರ್ಭಕೋಶದ ಬಾಯಿಯಿಂದ ಉದುರುವ ಕೋಶಗಳಲ್ಲಿ ಕ್ಯಾನ್ಸರ್ ಗುರುತಿಸಬಹುದು ಅಂತ 1928ರಲ್ಲೇ ಹೇಳಿದ್ದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರೌಟ್ ಜೊತೆ ಸೇರಿ ಮತ್ತೆ ಪ್ರಕಟಿಸಿದ ಮೇಲೆ ಜಗತ್ತು ಒಪ್ಪಿತು. ಅವರ ಹೆಂಡತಿ ಆಂಡ್ರೊಮಾಕಿ ಅದೇ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದರು. ಗಂಡನ ಅಧ್ಯಯನಕ್ಕೆ ವರ್ಷಗಟ್ಟಲೆ ತಮ್ಮದೇ ಮಾದರಿ ಕೊಟ್ಟವರು ಅವರು. ಸ್ಲೈಡ್ ಹಿಡಿದಾಗಲೆಲ್ಲ ನನಗೆ ಆ ಹೆಣ್ಣುಮಗಳ ಮೇಲೆ ಗೌರವ ಬರುತ್ತದೆ.

ಪರೀಕ್ಷೆ ಮಾಡುವುದು ಹೀಗೆ. ಗರ್ಭಕೋಶದ ಬಾಯಿಯಿಂದ ಒಂದು ಮರದ ಕಡ್ಡಿಯಲ್ಲೋ ಬ್ರಷ್‌ನಲ್ಲೋ ಕೋಶಗಳನ್ನು ಮೆಲ್ಲಗೆ ಕೆರೆದು ತೆಗೆಯುತ್ತಾರೆ. ಗಾಜಿಗೆ ಸವರಿ ತಕ್ಷಣ ಆಲ್ಕೋಹಾಲಿನಲ್ಲಿ ಮುಳುಗಿಸಬೇಕು. ಸ್ವಲ್ಪ ತಡವಾಗಿ ಗಾಳಿಗೆ ಒಣಗಿದರೆ ಕೋಶಗಳು ಉಬ್ಬಿ ಕೆಟ್ಟುಹೋಗುತ್ತವೆ. ಆಗ ನಾವು ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಪ್ರಯೋಜನವಿಲ್ಲ. ರಿಪೋರ್ಟಿನಲ್ಲಿ 'ಅನ್‌ಸ್ಯಾಟಿಸ್‌ಫ್ಯಾಕ್ಟರಿ' ಅಂತ ಬರುವುದು ಹೆಚ್ಚಾಗಿ ಇಂಥದ್ದಕ್ಕೆ, ಇಲ್ಲವೇ ಕೋಶಗಳು ಸಾಲದ್ದಕ್ಕೆ. ಗಾಜಿಗೆ ಸವರುವ ಹಳೇ ವಿಧಾನದಲ್ಲಿ ಸುಮಾರು 8,000ದಿಂದ 12,000 ಕೋಶಗಳಾದರೂ ಚೆನ್ನಾಗಿ ಕಾಣಬೇಕು. ಅದನ್ನು ಓದಿ ಹೆದರಬೇಕಾಗಿಲ್ಲ, ಮತ್ತೊಮ್ಮೆ ಮಾದರಿ ಕೊಡಬೇಕು ಅಷ್ಟೇ. ಹಾಗಂತ ಅದನ್ನು 'ಏನೂ ಇಲ್ಲ' ಅಂತ ಓದಿಕೊಳ್ಳಲೂಬಾರದು.

ಬಣ್ಣ ಹಾಕಿದ ಮೇಲೆ ಸ್ಲೈಡ್ ನಿಜಕ್ಕೂ ಚೆಂದ. ಚಪ್ಪಟೆಯಾದ ಅಗಲ ಕೋಶಗಳು, ಕೆಲವು ತಿಳಿ ಗುಲಾಬಿ, ಕೆಲವು ನೀಲಿ-ಹಸಿರು. ಪ್ರತಿಯೊಂದರ ನಡುವೆ ನೀಲಿ ಚುಕ್ಕೆಯಂಥ ನ್ಯೂಕ್ಲಿಯಸ್. ನಾವು ನೋಡುವುದು ಮುಖ್ಯವಾಗಿ ಆ ಚುಕ್ಕೆಯನ್ನೇ. ಅದು ಇರಬೇಕಾದ್ದಕ್ಕಿಂತ ಎರಡೂವರೆ ಮೂರು ಪಟ್ಟು ದೊಡ್ಡದಾಗಿದ್ದು, ಆದರೆ ಬೇರೆ ಯಾವ ಲಕ್ಷಣವೂ ಪಕ್ಕಾ ಇಲ್ಲ ಅಂದರೆ ಎಎಸ್‌ಸಿ-ಯುಎಸ್ ಅಂತ ಬರೆಯುತ್ತಾರೆ. 'ಏನೋ ಬೇರೆ ಥರ ಇದೆ, ಏನು ಅಂತ ಹೇಳಲಾಗದು' ಅನ್ನುವ ಪ್ರಾಮಾಣಿಕ ಮಾತು ಅದು. ಅಸಹಜ ಅಂತ ಬರುವ ರಿಪೋರ್ಟುಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ. ಸೋಂಕು, ಉರಿಯೂತ, ಮುಟ್ಟು ನಿಂತ ಮೇಲೆ ಒಳಪದರ ತೆಳುವಾಗುವುದು, ಇದರಿಂದೆಲ್ಲ ಹಾಗೆ ಕಾಣಬಹುದು.

ನ್ಯೂಕ್ಲಿಯಸ್ ಸುತ್ತ ಖಾಲಿ ಬಿಟ್ಟಂತೆ ಬಿಳಿ ವೃತ್ತ ಕಂಡರೆ ಅದು ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಗುರುತು. ಅದನ್ನು ಎಲ್‌ಎಸ್‌ಐಎಲ್ ಸಾಲಿಗೆ ಹಾಕುತ್ತಾರೆ, ಅಂದರೆ ಸಣ್ಣ ಮಟ್ಟದ ಬದಲಾವಣೆ. ಕೋಶ ಚಿಕ್ಕದಾಗಿ, ಒಳಗೆಲ್ಲ ಗಾಢವಾದ ಸುಕ್ಕುಗಟ್ಟಿದ ನ್ಯೂಕ್ಲಿಯಸ್ಸೇ ತುಂಬಿಕೊಂಡಿದ್ದರೆ ಎಚ್‌ಎಸ್‌ಐಎಲ್. ಅದು ದೊಡ್ಡ ಮಟ್ಟದ್ದು. ಎಎಸ್‌ಸಿ-ಎಚ್ ಅಂತ ಬಂದರೆ ದೊಡ್ಡ ಮಟ್ಟದ್ದು ಇರಬಹುದು ಅನ್ನುವ ಅನುಮಾನ. ಎಜಿಸಿ ಅಂತ ಬಂದರೆ ಗ್ರಂಥಿ ಕೋಶಗಳಲ್ಲಿ ಏನೋ ಕಂಡಿದೆ ಅಂತ ಅರ್ಥ. ಇದು ಅಪರೂಪ, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಕೆಲವರಿಗೆ ಗರ್ಭಕೋಶದ ಒಳಪದರವನ್ನೂ ಪರೀಕ್ಷೆ ಮಾಡಬೇಕಾಗುತ್ತದೆ. ಎನ್‌ಐಎಲ್‌ಎಂ ಅಂತಿದ್ದರೆ ಸರಿಯಿದೆ ಅಂತ. ಅದರ ಜೊತೆ 'ಇನ್‌ಫ್ಲಮೇಟರಿ' ಅಂತ ಬರೆದಿದ್ದರೆ ಉರಿಯೂತ ಇದೆ. ನಮ್ಮ ಕಡೆಯ ರಿಪೋರ್ಟುಗಳಲ್ಲಿ ಇದು ತುಂಬಾ ಸಾಮಾನ್ಯ. ಅದು ಕ್ಯಾನ್ಸರಿನ ಮೊದಲ ಮೆಟ್ಟಿಲಲ್ಲ. ಆ ಒಂದು ಪದಕ್ಕೆ ಹೆದರಿ ಗರ್ಭಕೋಶ ತೆಗೆಸಿಕೊಂಡವರ ಕತೆ ಕೇಳಿದಾಗ ನನಗೆ ಸಂಕಟವಾಗುತ್ತದೆ.

ಇಷ್ಟಾದರೂ ಇವೆಲ್ಲ ಉದುರಿದ ಬಿಡಿ ಕೋಶಗಳನ್ನು ನೋಡಿ ಹೇಳಿದ ಮಾತು. ಅವು ಯಾವ ಜಾಗದಿಂದ ಬಂದವು, ಎಷ್ಟು ಆಳದಿಂದ ಬಂದವು ಅನ್ನುವುದು ಸ್ಲೈಡಿನಲ್ಲಿ ತಿಳಿಯುವುದಿಲ್ಲ. ಅದನ್ನು ತಿಳಿಯಲು ಆ ಜಾಗವನ್ನೇ ಕಣ್ಣಾರೆ ನೋಡಬೇಕು, ಬೇಕಾದರೆ ಒಂದು ಚೂರು ತೆಗೆದು ಪರೀಕ್ಷಿಸಬೇಕು. ಅದೇ ಕಾಲ್ಪೊಸ್ಕೊಪಿ ಮತ್ತು ಬಯಾಪ್ಸಿ. ನಾನು ಹೇಳಿದ ನಡುವಿನ ಹೆಜ್ಜೆ ಇದು.

ಎಲ್ಲರಿಗೂ ಇದು ತಕ್ಷಣ ಬೇಕಾಗುವುದಿಲ್ಲ. ಎಎಸ್‌ಸಿ-ಯುಎಸ್ ಬಂದವರಿಗೆ ಸಾಮಾನ್ಯವಾಗಿ ಮೊದಲು ಎಚ್‌ಪಿವಿ ಪರೀಕ್ಷೆ ಮಾಡುತ್ತಾರೆ. ವೈರಸ್ ಇಲ್ಲದಿದ್ದರೆ ಭಯ ಬಹಳ ಕಡಿಮೆ, ಡಾಕ್ಟರ್ ಹೇಳಿದ ಅಂತರದಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರೆ ಸಾಕು. ವೈರಸ್ ಇದ್ದರೆ ಕಾಲ್ಪೊಸ್ಕೊಪಿ. ಎಚ್‌ಪಿವಿ ಪರೀಕ್ಷೆ ಸಿಗದ ಕಡೆ ಒಂದು ವರ್ಷದ ನಂತರ ಪ್ಯಾಪ್ ಮತ್ತೆ ಮಾಡುವುದೂ ಇದೆ. ಎಚ್‌ಎಸ್‌ಐಎಲ್ ಬಂದರೆ ಕಾಯುವ ಮಾತಿಲ್ಲ. ಬಸುರಿಯರಿಗೂ ಕಾಲ್ಪೊಸ್ಕೊಪಿ ಮಾಡಬಹುದು. ಕ್ಯಾನ್ಸರ್ ಅನುಮಾನ ಇಲ್ಲದಿದ್ದರೆ ಚಿಕಿತ್ಸೆಯನ್ನು ಹೆರಿಗೆಯ ನಂತರಕ್ಕೆ ಇಡುತ್ತಾರೆ.

ಅಕ್ಕನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಮತ್ತೊಂದು ಪರೀಕ್ಷೆ ಅಂದ್ರ ಮತ್ತ ರೊಕ್ಕ. ಹೆಂಗೂ ತೆಗೆಯೋದ ಐತಿ, ಒಮ್ಮೆಲೆ ಮುಗಿಸಿಬಿಡೂಣು" ಅಂದಳು. ಅವಳ ಗಂಡ, ನಮ್ಮ ಮಾವನದೂ ಅದೇ ಮಾತು. "ತೆಗೆಯೋದು ಬೇಕಾದ್ರ ಆಮೇಲೆ ತೆಗೆಸೂಣು ಅಕ್ಕಾ. ತೆಗೆದಿದ್ದನ್ನ ಮತ್ತ ಇಡಾಕ ಬರೂದಿಲ್ಲ" ಅಂದೆ. ಅದಕ್ಕೆ ಅವಳು ಸುಮ್ಮನಾದಳು. ಮರುವಾರ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದಳು.

ಕಾಲ್ಪೊಸ್ಕೊಪಿ ಮಾಡುವಾಗ ನಾನು ಅವಳ ತಲೆಯ ಪಕ್ಕ ನಿಂತಿದ್ದೆ. ಕಾಲ್ಪೊಸ್ಕೋಪ್ ಒಳಗೆ ಹೋಗುವ ಯಂತ್ರವಲ್ಲ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ, ಬೆಳಕಿರುವ ದುರ್ಬೀನು. ಒಳಗೆ ಹಾಕುವುದು ಪ್ಯಾಪ್ ಮಾಡುವಾಗ ಹಾಕುವ ಅದೇ ಸ್ಪೆಕ್ಯುಲಮ್. ಡಾಕ್ಟರು ಅಸಿಟಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಹತ್ತಿ ಅದ್ದಿ ಗರ್ಭಕೋಶದ ಬಾಯಿಗೆ ಒತ್ತಿದರು. ಕೋಣೆಯೆಲ್ಲ ವಿನೆಗರ್ ವಾಸನೆ. ಮಾನಿಟರಿನಲ್ಲಿ ಅದು ದುಂಡಗೆ, ನುಣುಪಾಗಿ, ಗುಲಾಬಿ ಬಣ್ಣಕ್ಕೆ ಕಾಣುತ್ತಿತ್ತು. ಒಂದು ನಿಮಿಷ ಕಳೆಯುವಷ್ಟರಲ್ಲಿ ಗಡಿಯಾರದ ಹನ್ನೆರಡರಿಂದ ಮೂರರ ನಡುವಿನ ಜಾಗದಲ್ಲಿ ಒಂದು ತೇಪೆ ಬೆಳ್ಳಗಾಗುತ್ತಾ ಬಂತು. ಅಂಚು ಸ್ಪಷ್ಟವಾಗಿತ್ತು. ಆಮೇಲೆ ಅಯೋಡಿನ್ ಹಚ್ಚಿದರು. ಆರೋಗ್ಯವಂತ ಜಾಗವೆಲ್ಲ ಕಂದು ಬಣ್ಣಕ್ಕೆ ತಿರುಗಿತು, ಆ ತೇಪೆ ಮಾತ್ರ ಹಳದಿಯಾಗಿ ಉಳಿಯಿತು. ಆರೋಗ್ಯವಂತ ಕೋಶಗಳಲ್ಲಿ ಗ್ಲೈಕೋಜನ್ ಇರುತ್ತದೆ, ಅದು ಅಯೋಡಿನ್ ಹೀರಿಕೊಳ್ಳುತ್ತದೆ. ಬದಲಾದ ಕೋಶಗಳಲ್ಲಿ ಅದು ಕಡಿಮೆ.

"ನೋಡ್ರಿ, ಇಷ್ಟೇ ಜಾಗ" ಅಂದರು ಡಾಕ್ಟರು. ಅಕ್ಕ ತಲೆ ಎತ್ತಿ ಪರದೆ ನೋಡಿದಳು. ತನ್ನ ದೇಹದ ಆ ಭಾಗವನ್ನು ಅವಳು ನೋಡಿದ್ದು ಅದೇ ಮೊದಲು. ಎರಡು ಕಡೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದರು. ಚಿವುಟಿದ ಹಾಗಾಯಿತು ಅಂದಳು. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದು ಹೊರಗೆ ಬಂದು ಚಹಾ ಕುಡಿದೆವು.

ಬಯಾಪ್ಸಿ ರಿಪೋರ್ಟಿನಲ್ಲಿ ಸಿಐಎನ್ 3 ಅಂತ ಬಂತು. ಇದನ್ನು ಅವಳಿಗೆ ಹೇಳಿದ್ದು ಹೀಗೆ. ಗರ್ಭಕೋಶದ ಬಾಯಿಯ ಮೇಲ್ಪದರ ಒಂದು ಗೋಡೆ ಅಂದುಕೋ. ಬುಡದಿಂದ ತೇವ ಏರುವ ಹಾಗೆ ಬದಲಾದ ಕೋಶಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಮೂರರಲ್ಲಿ ಒಂದು ಪಾಲು ಏರಿದ್ದರೆ ಸಿಐಎನ್ 1, ಎರಡು ಪಾಲಾದರೆ 2, ಅದನ್ನೂ ದಾಟಿ ಮೇಲಿನವರೆಗೆ ಹೋದರೆ 3. ಇಷ್ಟೆಲ್ಲ ಆದರೂ ಅದು ಆ ಗೋಡೆಯಲ್ಲೇ ಇದೆ. ಬುಡ ಒಡೆದು ಕೆಳಗಿನ ನೆಲಕ್ಕೆ ಇಳಿದರೆ ಮಾತ್ರ ಅದು ಕ್ಯಾನ್ಸರ್. ಸಿಐಎನ್ 1 ಬಹಳ ಮಂದಿಯಲ್ಲಿ ತಾನಾಗಿ ಹೋಗುತ್ತದೆ, ಹಾಗಾಗಿ ಅದಕ್ಕೆ ಹೆಚ್ಚಾಗಿ ಚಿಕಿತ್ಸೆ ಮಾಡದೆ ಗಮನಿಸುತ್ತಾರೆ. ಸಿಐಎನ್ 3 ಬಂದರೆ ತೆಗೆಯಲೇಬೇಕು.

ಯಾಕೆ ತೆಗೆಯಲೇಬೇಕು ಅನ್ನುವುದಕ್ಕೆ ನ್ಯೂಜಿಲೆಂಡಿನಲ್ಲಿ ನಡೆದ ಒಂದು ಕೆಟ್ಟ ಪ್ರಸಂಗ ಸಾಕ್ಷಿ. ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಅನ್ನುವ ಡಾಕ್ಟರು ಈ ಹಂತ ಕ್ಯಾನ್ಸರಿಗೆ ತಿರುಗುವುದಿಲ್ಲ ಅಂತ ನಂಬಿದ್ದರು. 1966ರಿಂದ ಎಷ್ಟೋ ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಾ ಹೋದರು. ಆ ಹೆಂಗಸರಿಗೆ ತಮ್ಮ ಮೇಲೆ ಹೀಗೊಂದು ಅಧ್ಯಯನ ನಡೆಯುತ್ತಿದೆ ಅಂತಲೇ ಗೊತ್ತಿರಲಿಲ್ಲ. ಸಾಂಡ್ರಾ ಕೋನಿ, ಫಿಲಿಡಾ ಬಂಕಲ್ ಅನ್ನುವ ಇಬ್ಬರು ಮಹಿಳೆಯರು 1987ರಲ್ಲಿ ಪತ್ರಿಕೆಯಲ್ಲಿ ಬರೆದ ಮೇಲೆ ದೇಶವೇ ಬೆಚ್ಚಿತು. ಸಿಲ್ವಿಯಾ ಕಾರ್ಟ್‌ರೈಟ್ ನೇತೃತ್ವದಲ್ಲಿ ತನಿಖೆಯಾಗಿ 1988ರಲ್ಲಿ ವರದಿ ಬಂತು. ಮುಂದೆ ಆ ದಾಖಲೆಗಳನ್ನು ಕೂಡಿ ನೋಡಿದಾಗ ತಿಳಿದದ್ದು: ಸರಿಯಾಗಿ ಚಿಕಿತ್ಸೆ ಸಿಗದ ಹೆಂಗಸರಲ್ಲಿ 30 ವರ್ಷದೊಳಗೆ ನೂರಕ್ಕೆ ಸುಮಾರು 30 ಮಂದಿಗೆ ಕ್ಯಾನ್ಸರ್ ಬಂದಿತ್ತು. ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಈ ಲೆಕ್ಕವನ್ನು ಎರಡೂ ಕಡೆಯಿಂದ ಓದಬೇಕು. ಮುಂದಿನ ವಾರವೇ ಆಪರೇಷನ್ ಆಗದಿದ್ದರೆ ಸಾಯುತ್ತೀಯ ಅನ್ನುವವರ ಮಾತು ಸುಳ್ಳು. ಸರಿಯಾದ ಜಾಗಕ್ಕೆ ಹೋಗಿ, ವಿಚಾರಿಸಿ, ತಿಳಿದು ತೀರ್ಮಾನ ಮಾಡುವಷ್ಟು ಸಮಯ ಇದೆ. ಆದರೆ ರಿಪೋರ್ಟ್ ಟ್ರಂಕಿನಲ್ಲಿ ವರ್ಷಗಟ್ಟಲೆ ಕೊಳೆಯುವಷ್ಟು ಸಮಯ ಇಲ್ಲ.

ಅಕ್ಕನಿಗೆ ಮಾಡಿದ್ದು ಲೀಪ್. ಗರ್ಭಕೋಶದ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕರೆಂಟ್ ಹಾಯಿಸಿದ ತೆಳು ತಂತಿಯ ಕುಣಿಕೆಯಿಂದ ಆ ತೇಪೆ ಇದ್ದ ಭಾಗವನ್ನು ತೆಗೆದರು. ಅಂದೇ ಸಂಜೆ ಮನೆಗೆ ಕಳಿಸಿದರು. ತೆಗೆದ ತುಂಡು ಮತ್ತೆ ಪೆಥಾಲಜಿಗೆ ಹೋಗಿ, ಅಂಚಿನಲ್ಲಿ ಏನೂ ಉಳಿದಿಲ್ಲ, ಕ್ಯಾನ್ಸರ್ ಇಲ್ಲ ಅಂತ ಬಂತು. ಕೆಲವು ವಾರ ಭಾರ ಎತ್ತಬಾರದು, ಗಂಡ ಹೆಂಡತಿ ಸೇರಬಾರದು ಅಂತ ಹೇಳಿದ್ದರು. ಇನ್ನೂ ಮಕ್ಕಳು ಬೇಕಿರುವವರು ಒಂದು ವಿಷಯ ಕೇಳಿ ತಿಳಿದುಕೊಳ್ಳಬೇಕು. ಲೀಪ್ ಆದ ಮೇಲೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ತೇಪೆ ಪೂರ್ತಿ ಕಣ್ಣಿಗೆ ಕಾಣುವ ಹಾಗಿದ್ದು, ಕ್ಯಾನ್ಸರ್ ಅನುಮಾನ ಇಲ್ಲದಿದ್ದರೆ ಶೀತದಿಂದಲೋ ಶಾಖದಿಂದಲೋ ಸುಡುವ ಚಿಕಿತ್ಸೆಯೂ ಇದೆ.

ಹಾಗಾದರೆ ಗರ್ಭಕೋಶವನ್ನೇ ತೆಗೆದರೆ ತಪ್ಪೇನು? ನಮ್ಮ ರಾಜ್ಯದಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಆಮೇಲೆ ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆ, ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದರು ಅಂತ ಲಂಬಾಣಿ, ದಲಿತ ಹೆಣ್ಣುಮಕ್ಕಳು ದೂರು ಕೊಟ್ಟರು, ಬೀದಿಗಿಳಿದರು. ಹೊಟ್ಟೆನೋವು, ಬಿಳಿ ಹೋಗುವುದು ಅಂತ ಹೋದವರಿಗೆ 'ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಅಂತ ಹೆದರಿಸಿದ್ದರು ಅನ್ನುವುದು ಅವರ ದೂರು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಿಂದಲೂ ಇಂಥ ದೂರುಗಳು ಸುಪ್ರೀಂ ಕೋರ್ಟಿಗೆ ಹೋದವು. 2023ರಲ್ಲಿ ಕೋರ್ಟ್, ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಹೇಳಿತು.

ಮುಟ್ಟು ನಿಲ್ಲುವ ವಯಸ್ಸಿಗೂ ಮೊದಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಮೂಳೆ ಬೇಗ ಸವೆಯುತ್ತದೆ, ಹೃದಯದ ತೊಂದರೆ ಹೆಚ್ಚುತ್ತದೆ. ಹೊಲದಲ್ಲಿ ಬಗ್ಗಿ ದುಡಿಯುವವಳಿಗೆ ಇದು ಸಣ್ಣ ಮಾತಲ್ಲ. ಇನ್ನೊಂದು ಅಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಯಾಪ್ಸಿ ಮಾಡದೆ ಸೀದಾ ಗರ್ಭಕೋಶ ತೆಗೆದು, ಆಮೇಲೆ ಅದರಲ್ಲಿ ಆಗಲೇ ಕ್ಯಾನ್ಸರ್ ಬೇರೂರಿತ್ತು ಅಂತ ಗೊತ್ತಾದರೆ, ಮಾಡಿದ ಆಪರೇಷನ್ ಸಾಲದಾಗಿರುತ್ತದೆ. ಕ್ಯಾನ್ಸರಿಗೆ ಮಾಡುವ ಆಪರೇಷನ್ನೇ ಬೇರೆ. ಮುಂದಿನ ಚಿಕಿತ್ಸೆ ಅಲ್ಲಿಂದ ಕಷ್ಟವಾಗುತ್ತದೆ. ಇನ್ನು 'ತೆಗೆಸಿದರೆ ಮುಂದೆ ಪರೀಕ್ಷೆಯ ಗೋಳೇ ಇಲ್ಲ' ಅನ್ನುವುದೂ ನಿಜವಲ್ಲ. ಎಚ್‌ಎಸ್‌ಐಎಲ್ ಇದ್ದವರು ಗರ್ಭಕೋಶ ತೆಗೆಸಿದ ಮೇಲೂ ವರ್ಷಾನುಗಟ್ಟಲೆ ಪರೀಕ್ಷೆ ಮುಂದುವರಿಸಬೇಕು. ಆಪರೇಷನ್ ನಿಜವಾಗಿ ಬೇಕಾಗುವವರೂ ಇದ್ದಾರೆ. ಅದು ಬಯಾಪ್ಸಿ ನೋಡಿ ಆಗಬೇಕಾದ ತೀರ್ಮಾನ.

ಲೀಪ್ ಆದ ರಾತ್ರಿ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಎಲ್ಲರೂ ಮಲಗಿದ ಮೇಲೆ ಕೇಳಿದಳು. "ಇದು ವೈರಸ್ಸಿನಿಂದ ಬರ್ತೈತಿ ಅಂದ್ರಲ್ಲ. ಅವರಿಂದ ಬಂತೇನು? ಮನ್ಯಾಗ ನನ್ನ ಮ್ಯಾಲೆ ಸಂಶೇ ಪಟ್ಟರ?"

ಬಹಳ ಹೆಂಗಸರು ಈ ಪ್ರಶ್ನೆಯನ್ನು ನುಂಗಿಕೊಂಡೇ ಇರುತ್ತಾರೆ. ಈ ಕ್ಯಾನ್ಸರಿಗೆ ಎಚ್‌ಪಿವಿ ಕಾರಣ ಅಂತ ತೋರಿಸಿದ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಎಚ್‌ಪಿವಿ 16 ಮತ್ತು 18 ಅನ್ನುವ ಎರಡೇ ಬಗೆಗಳಿಂದ ನೂರಕ್ಕೆ ಸುಮಾರು 70 ಗರ್ಭಕಂಠದ ಕ್ಯಾನ್ಸರ್ ಬರುತ್ತವೆ. ಆದರೆ ಮದುವೆಯಾಗಿ ಸಂಸಾರ ಮಾಡುವ ಗಂಡಸು ಹೆಂಗಸರಲ್ಲಿ ಬಹುಪಾಲು ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ಹೊರಗೆ ಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿಯುತ್ತದೆ. ಹಾಗೆ ಉಳಿದು ಕೋಶ ಕೆಡಲು ವರ್ಷಗಳು ಬೇಕು. ಇವತ್ತು ರಿಪೋರ್ಟಿನಲ್ಲಿ ಕಂಡದ್ದು ಯಾವಾಗ ಬಂತು, ಯಾರಿಂದ ಯಾರಿಗೆ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಹೆಂಡತಿಯ ನಡತೆಗಾಗಲೀ ಗಂಡನ ನಡತೆಗಾಗಲೀ ಆ ಕಾಗದ ಸಾಕ್ಷಿಯಲ್ಲ. ಮರುದಿನ ಇದನ್ನೇ ಮಾವನಿಗೂ ಕೂರಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. "ಹಂಗಾದ್ರ ನನಗೂ ಇದ್ದಿರಬೇಕು ಬಿಡು" ಅಂದರು. ಎಲ್ಲ ಗಂಡಸರೂ ಹೀಗೆ ಅನ್ನುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಡಾಕ್ಟರುಗಳು ಗಂಡನನ್ನೂ ಒಳಗೆ ಕರೆದು ಇದನ್ನು ಹೇಳಬೇಕು ಅನ್ನುವುದು ನನ್ನ ಆಸೆ.

ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, ಹತ್ತಿರ ಹತ್ತಿರ 80,000 ಮಂದಿ ಸಾಯುತ್ತಾರೆ ಅನ್ನುವುದು 2022ರ ಅಂದಾಜು. ಅಷ್ಟಿದ್ದರೂ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿದವರು ನೂರಕ್ಕೆ ಇಬ್ಬರೂ ಇಲ್ಲ. ನಮ್ಮ ಬೀದರ, ಕಲಬುರಗಿಗೆ ತಾಗಿದ ಒಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, 1999ರಿಂದ 1.3 ಲಕ್ಷ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. (ಹೋಲಿಕೆಗೆ ಅಂತ ಪರೀಕ್ಷೆಯೇ ಮಾಡದೆ ಬಿಟ್ಟ ಗುಂಪೂ ಅದರಲ್ಲಿತ್ತು. ಆ ಬಗ್ಗೆ ಎದ್ದ ಆಕ್ಷೇಪ ನ್ಯಾಯವಾದದ್ದು ಅಂತಲೇ ನನಗೆ ಅನಿಸುತ್ತದೆ.) ಹೊಲ ಮನೆ ಅಂತ ದುಡಿಯುವ, ನಮ್ಮಂಥದ್ದೇ ಊರುಗಳ ಹೆಂಗಸರು ಅವರು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65ರವರೆಗಿನವರಿಗೆ ಐದು ವರ್ಷಕ್ಕೊಮ್ಮೆ ಮಾಡುವುದು ವಿಐಎ, ಅಂದರೆ ಅಸಿಟಿಕ್ ಆಸಿಡ್ ಹಚ್ಚಿ ಬರಿಗಣ್ಣಿನಲ್ಲಿ ನೋಡುವುದು. ಅದರಲ್ಲಿ 'ಪಾಸಿಟಿವ್' ಬಂದರೂ ಕ್ಯಾನ್ಸರ್ ಅಂತ ಅಲ್ಲ, ಮುಂದಿನ ಪರೀಕ್ಷೆಗೆ ಹೋಗಿ ಅಂತ. ಇನ್ನೊಂದು ಮಾತು. ಮುಟ್ಟಿನ ನಡುವೆ, ಗಂಡ ಹೆಂಡತಿ ಸೇರಿದ ಮೇಲೆ, ಇಲ್ಲವೇ ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ವಾಸನೆಯ ಸ್ರಾವ ನಿಲ್ಲದಿದ್ದರೆ, ಕಳೆದ ವರ್ಷದ ಪ್ಯಾಪ್ ಸರಿಯಿತ್ತು ಅಂತ ಸುಮ್ಮನಿರಬೇಡಿ. ಒಂದೇ ಸಲದ ಪ್ಯಾಪ್ ಎಲ್ಲವನ್ನೂ ಹಿಡಿಯುವುದಿಲ್ಲ.

ಅಕ್ಕನಿಗೆ ಆರು ತಿಂಗಳಿಗೆ ಎಚ್‌ಪಿವಿ ಪರೀಕ್ಷೆ ಆಯಿತು, ನೆಗೆಟಿವ್ ಬಂತು. ಇನ್ನು ಕೆಲವು ವರ್ಷ ವರ್ಷಕ್ಕೊಮ್ಮೆ, ಆಮೇಲೆ ಅಂತರ ಕೊಟ್ಟು ಬಹಳ ವರ್ಷ ಪರೀಕ್ಷೆ ಮಾಡಿಸುತ್ತಿರಬೇಕು. ಅವಳ ಮಗಳಿಗೆ ಹದಿಮೂರು. 2023ರಿಂದ ನಮ್ಮ ದೇಶದಲ್ಲೇ ತಯಾರಾದ ಸರ್ವವ್ಯಾಕ್ ಅನ್ನುವ ಎಚ್‌ಪಿವಿ ತಡೆಯುವ ಲಸಿಕೆಯೂ ಸಿಗುತ್ತಿದೆ, ಅದನ್ನು ಹಾಕಿಸಲು ಮಾವನೇ ವಿಚಾರಿಸಿಕೊಂಡು ಬಂದರು.

ಕೊನೆಗೆ ಲ್ಯಾಬಿನವಳಾಗಿ ಒಂದು ಮಾತು. ನಿಮ್ಮ ಸ್ಲೈಡು, ಬಯಾಪ್ಸಿ ಮಾಡಿದ್ದರೆ ಅದರ ಮೇಣದ ಬ್ಲಾಕು, ಎರಡನ್ನೂ ಲ್ಯಾಬ್ ಎಸೆಯುವುದಿಲ್ಲ, ಕೆಲವು ವರ್ಷ ಇಟ್ಟಿರುತ್ತದೆ. ಎರಡನೇ ಅಭಿಪ್ರಾಯ ಬೇಕು ಅನ್ನಿಸಿದರೆ ಕೌಂಟರಿನಲ್ಲಿ ಅರ್ಜಿ ಬರೆದುಕೊಟ್ಟು ಕೇಳಿ, ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿಗೋ, ಹತ್ತಿರದ ಮೆಡಿಕಲ್ ಕಾಲೇಜಿಗೋ ಹೋಗುವಾಗ ರಿಪೋರ್ಟಿನ ಕಾಗದದ ಜೊತೆ ಅವನ್ನೂ ಒಯ್ಯಿರಿ. ಅಲ್ಲಿನ ಪೆಥಾಲಜಿಸ್ಟ್ ತಾವೇ ನೋಡಿ ಹೇಳಬಹುದು. ಸ್ಲೈಡ್ ಬಾಕ್ಸನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಸ್ಸಿನ ಡಿಕ್ಕಿಯಲ್ಲಿ ಹಾಕಿದರೆ ಗಾಜು ಒಡೆಯುತ್ತದೆ.